ಗೋಡೆಯನ್ನು ಬಿಟ್ಟು ಬಾರದ ಚಿತ್ರಗಳು: ಇಟಲಿಯಲ್ಲಿ ಒಂದು ಸೆಮಿಸ್ಟರ್

ಫ್ಲಾರೆನ್ಸಿನಲ್ಲಿ ಕಲಾ ಇತಿಹಾಸ ಓದುವವರು ತರಗತಿಯ ಕೋಣೆಗಿಂತ ಹೆಚ್ಚು ಹೊತ್ತನ್ನು ಚರ್ಚುಗಳ ಒಳಗೆ ಕಳೆಯಬೇಕಾಗುತ್ತದೆ. ಮೈಸೂರಿನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ನಾನು ವಿನಿಮಯ ವಿದ್ಯಾರ್ಥಿಯಾಗಿ ಫೆಬ್ರುವರಿಯ ಚಳಿಯಲ್ಲಿ ಅಲ್ಲಿಗೆ ಹೋದಾಗ ಮಸಾಚ್ಚೊ, ಜೊಟ್ಟೊ, ಫ್ರಾ ಆಂಜೆಲಿಕೊ ಮುಂತಾದ ಹಳೆಯ ಚಿತ್ರಕಾರರ ಕೃತಿಗಳನ್ನೆಲ್ಲ ಪುಸ್ತಕಗಳ ಹಾಳೆಗಳಲ್ಲಿಯೂ ಪರದೆಯ ಮೇಲೂ ಹಲವು ಬಾರಿ ನೋಡಿದ್ದೆ. ಆ ಮುದ್ರಿತ ಚಿತ್ರಗಳಿಗೆ ಸುತ್ತ ಗೋಡೆ ಇರಲಿಲ್ಲ, ಪಕ್ಕದಲ್ಲಿ ಕಿಟಕಿ ಇರಲಿಲ್ಲ, ಮುಂದೆ ಮೊಣಕಾಲೂರಿ ಕುಳಿತ ಮುದುಕಿಯೂ ಇರಲಿಲ್ಲ. ಭಿತ್ತಿಚಿತ್ರವೆಂಬುದು ತಾನಿರುವ ಕಟ್ಟಡದ ಒಂದು ಅಂಗ, ಅದನ್ನು ಆ ಜಾಗದಲ್ಲಿ, ಆ ಬೆಳಕಿನಲ್ಲಿ ನೋಡದೆ ಅರ್ಥ ಮಾಡಿಕೊಳ್ಳಲಾಗದು ಎಂಬುದು ಆ ಸೆಮಿಸ್ಟರಿನಲ್ಲಿ ನನಗೆ ನಿಧಾನವಾಗಿ ಮನದಟ್ಟಾಯಿತು.

ಮೊದಲ ವಾರಗಳು ಕಾಗದಪತ್ರಗಳಲ್ಲಿಯೇ ಕಳೆದವು. ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿಗಳು ದೇಶಕ್ಕೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅಂಚೆ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಅರ್ಜಿಗೆ 16 ಯೂರೋ ಬೆಲೆಯ ರೆವಿನ್ಯೂ ಚೀಟಿ ಅಂಟಿಸಬೇಕು. ಆಮೇಲೆ ಪೊಲೀಸ್ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಇವುಗಳ ನಡುವೆಯೇ ಊರಿನ ದಿನಚರಿ ರೂಢಿಯಾಯಿತು. ಕಾಫಿಯನ್ನು ಕೌಂಟರಿನ ಎದುರು ನಿಂತೇ ಕುಡಿದು ಮುಗಿಸುತ್ತಾರೆ, ಕುಳಿತರೆ ಬೆಲೆ ಏರುತ್ತದೆ. ಫ್ಲಾರೆನ್ಸ್ ಇರುವ ತೊಸ್ಕಾನಾ ಪ್ರಾಂತದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಬಹಳಷ್ಟು ಚರ್ಚುಗಳು ಮಧ್ಯಾಹ್ನ ಬಾಗಿಲು ಮುಚ್ಚಿ ಸಂಜೆಯ ಹೊತ್ತಿಗೆ ಮತ್ತೆ ತೆರೆಯುತ್ತವೆ. ಹೀಗಾಗಿ ಏನನ್ನು ಯಾವಾಗ ನೋಡಬಹುದು ಎಂಬುದು ನಮ್ಮ ಬಿಡುವಿನ ಮೇಲಲ್ಲ, ಅವುಗಳ ಪೂಜೆಯ ವೇಳೆಯ ಮೇಲೆ ನಿಂತಿರುತ್ತದೆ.

ನಮ್ಮ ಪ್ರಾಧ್ಯಾಪಕಿಯನ್ನು ಅಲ್ಲಿನ ರೂಢಿಯಂತೆ ಎಲ್ಲರೂ ಪ್ರೊಫೆಸೊರೆಸ್ಸಾ ಎಂದೇ ಕರೆಯುತ್ತಿದ್ದೆವು. ಅವರು ಮೊದಲ ಪಾಠಕ್ಕೆ ಉಫಿತ್ಸಿ ಸಂಗ್ರಹಾಲಯದ ಒಂದೇ ಒಂದು ಕೋಣೆಯನ್ನು ಆರಿಸಿಕೊಂಡಿದ್ದರು. ಆ ಕೋಣೆಯಲ್ಲಿ ಮಗುವನ್ನೆತ್ತಿಕೊಂಡು ಸಿಂಹಾಸನದಲ್ಲಿ ಕುಳಿತ ಮೇರಿಯ ಮರದ ಹಲಗೆಯ ಮೇಲೆ ಬರೆದ ಮೂರು ಬೃಹತ್ ಫಲಕಚಿತ್ರಗಳಿವೆ: ಚಿಮಾಬುವೆಯದೊಂದು, ದುಚ್ಚೊನದೊಂದು, ಜೊಟ್ಟೊನದೊಂದು. 13ನೆಯ ಶತಮಾನದ ಕೊನೆಯಿಂದ 14ನೆಯ ಶತಮಾನದ ಆರಂಭದವರೆಗಿನ ಅವಧಿಯಲ್ಲಿ ಮೇರಿಯ ದೇಹಕ್ಕೆ ಭಾರ ಬಂದದ್ದು, ಬಟ್ಟೆಯ ಕೆಳಗೆ ಮೊಣಕಾಲು ಕಾಣಿಸಿಕೊಂಡದ್ದು, ಚಿನ್ನದ ಗೆರೆಗಳು ಹಿಂದೆ ಸರಿದು ನೆರಳು ಮುಂದೆ ಬಂದದ್ದು ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಪಾಠ ಅಲ್ಲಿಗೆ ಮುಗಿಯಲಿಲ್ಲ. ಸಂಜೆ ಅವರು ನಮ್ಮನ್ನು ಆ ಮೂರು ಚಿತ್ರಗಳು ಮೊದಲಿದ್ದ ಚರ್ಚುಗಳಿಗೆ, ಅಂದರೆ ಸಾಂತಾ ತ್ರಿನಿತಾ, ಸಾಂತಾ ಮರಿಯಾ ನೊವೆಲ್ಲಾ ಮತ್ತು ಓನ್ಯಿಸ್ಸಾಂತಿಗೆ, ನಡೆಸಿಕೊಂಡು ಹೋದರು. ಬೆಳಿಗ್ಗೆ ಹತ್ತಿರದಿಂದ, ಸಮನಾದ ವಿದ್ಯುತ್ ಬೆಳಕಿನಲ್ಲಿ ನೋಡಿದ ಫಲಕಗಳು ಮೂಲತಃ ಎಷ್ಟು ಕತ್ತಲಿನಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ದೂರದಿಂದ ಕಾಣಬೇಕಿತ್ತು ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಕತ್ತಲಲ್ಲಿ ಮೇಣದ ಬತ್ತಿಯ ಬೆಳಕನ್ನು ಹಿಡಿದು ಮರಳಿಸುವುದಕ್ಕೆ ಆ ಚಿನ್ನದ ಹಿನ್ನೆಲೆ ಎಷ್ಟು ಅಗತ್ಯವಾಗಿತ್ತು ಎಂಬುದೂ ಆಗಲೇ ಹೊಳೆಯಿತು.

ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಪದ್ಧತಿಯನ್ನು ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರ ನನ್ನ ಮಟ್ಟಿಗೆ ಇಡೀ ಸೆಮಿಸ್ಟರಿನ ಜೀವಾಳವಾಗಿತ್ತು. ಬಹುಕಾಲ ನೀರಿನಡಿ ಇಟ್ಟು ಹದಗೊಳಿಸಿದ ಅರಳಿದ ಸುಣ್ಣವನ್ನು ಮರಳಿನೊಂದಿಗೆ ಕಲಸಿ, ಮೊದಲು ಒರಟಾದ ಗಾರೆಯ ಒಂದು ಪದರವನ್ನು ಗೋಡೆಗೆ ಹಚ್ಚುತ್ತಾರೆ. ಅದರ ಮೇಲೆ ಕೆಮ್ಮಣ್ಣಿನಿಂದ ಚಿತ್ರದ ಕರಡು ರೇಖೆ ಎಳೆಯುತ್ತಾರೆ. ಬಳಿಕ ಆ ದಿನ ಎಷ್ಟು ಭಾಗವನ್ನು ಬರೆದು ಮುಗಿಸಬಲ್ಲರೋ ಅಷ್ಟಕ್ಕೆ ಮಾತ್ರ ನುಣುಪಾದ ತೆಳು ಗಾರೆ ಬಳಿಯುತ್ತಾರೆ. ಬಣ್ಣಕ್ಕೆ ಅಂಟು ಬೇಕಿಲ್ಲ, ನೀರಿನಲ್ಲಿ ಅರೆದರೆ ಸಾಕು. ಗಾರೆ ಒಣಗುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ನಾನು ಕರಣೆ ಹಿಡಿದು ಅಂಗೈಯಗಲದ ಜಾಗಕ್ಕೆ ಗಾರೆ ಒತ್ತಿ, ಅದರ ಮೇಲಿನ ನೀರಿನ ಹೊಳಪು ಅಡಗುವುದನ್ನು ಕಾದು, ಹಳದಿ ಮಣ್ಣಿನ ಬಣ್ಣದಲ್ಲಿ ಮೊದಲ ಗೆರೆಯನ್ನು ಎಳೆದಾಗ ಗೋಡೆ ಅದನ್ನು ಕುಂಚದಿಂದ ಎಳೆದುಕೊಂಡಿತೆನ್ನುವಷ್ಟು ಬೇಗ ಹೀರಿತು. ಇನ್ನೊಂದಿಷ್ಟು ಹೊತ್ತಾದ ಮೇಲೆ ಅದೇ ಗೋಡೆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದಾಯಿತು. ಉಳಿದ ಗಾರೆಯನ್ನು ಅಂಚಿನಲ್ಲಿ ಓರೆಯಾಗಿ ಕತ್ತರಿಸಿ ತೆಗೆದು, ಮರುದಿನ ಅದಕ್ಕೆ ತಾಗುವಂತೆ ಹೊಸ ತುಂಡು ಹಚ್ಚಬೇಕು.

ಒಂದು ದಿನದ ಆ ತುಂಡಿಗೆ ಇಟಲಿಯವರು ಜೊರ್ನಾತಾ ಎನ್ನುತ್ತಾರೆ. ದೊಡ್ಡ ಭಿತ್ತಿಚಿತ್ರದ ಮೇಲೆ ಪಕ್ಕದಿಂದ ಓರೆಯಾಗಿ ದೀಪ ಹಿಡಿದರೆ ಈ ತುಂಡುಗಳ ಬೆಸುಗೆಗಳು ಎದ್ದು ಕಾಣುತ್ತವೆ. ಯಾವ ತುಂಡು ಯಾವುದರ ಮೇಲೆ ಚಾಚಿದೆ ಎಂಬುದನ್ನು ನೋಡಿ ಕಲಾವಿದ ಯಾವ ಮುಖವನ್ನು ಮೊದಲು ಬರೆದ, ಯಾವುದಕ್ಕೆ ಇಡೀ ದಿನ ಕೊಟ್ಟ ಎಂದು ಹೇಳಬಹುದು. ಗಾರೆ ಕೆಳಗೆ ಸೋರಿ ಮುಗಿದ ಭಾಗ ಕೆಡಬಾರದೆಂದು ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಇಷ್ಟನ್ನು ತಿಳಿದ ಮೇಲೆ ನಾನು ಯಾವ ಭಿತ್ತಿಚಿತ್ರದ ಮುಂದೆ ನಿಂತರೂ ಮೊದಲು ಆ ಬೆಸುಗೆಗಳನ್ನು ಹುಡುಕತೊಡಗಿದೆ.

ಆರ್ನೊ ನದಿಯ ತೆಂಕಣ ದಡದ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನ ಬ್ರಂಕಾಚ್ಚಿ ಚಾಪೆಲ್‌ಗೆ (ಚಿಕ್ಕ ಪ್ರಾರ್ಥನಾ ಮಂದಿರಕ್ಕೆ) ಹೋಗಲು ಮುಂಗಡವಾಗಿ ಸಮಯ ಕಾದಿರಿಸಬೇಕು. 1420ರ ದಶಕದಲ್ಲಿ ಮಸೊಲಿನೊ ಮತ್ತು ಮಸಾಚ್ಚೊ ಇಲ್ಲಿ ಸಂತ ಪೀಟರನ ಜೀವನವನ್ನು ಬರೆಯತೊಡಗಿದರು. ಮಸಾಚ್ಚೊ ಇನ್ನೂ ಮೂವತ್ತು ತುಂಬುವ ಮೊದಲೇ 1428ರಲ್ಲಿ ರೋಮಿನಲ್ಲಿ ತೀರಿಕೊಂಡ. ಉಳಿದ ಕೆಲಸವನ್ನು 1480ರ ದಶಕದಲ್ಲಿ ಫಿಲಿಪ್ಪಿನೊ ಲಿಪ್ಪಿ ಮುಗಿಸಿದ. 1771ರಲ್ಲಿ ಚರ್ಚಿಗೆ ಬೆಂಕಿ ಬಿದ್ದಾಗಲೂ ಈ ಚಾಪೆಲ್ ಉಳಿದುಕೊಂಡದ್ದು ನಮ್ಮೆಲ್ಲರ ಭಾಗ್ಯವೆಂದೇ ಹೇಳಬೇಕು. ಪ್ರವೇಶದ ಎಡಗಂಬದ ಮೇಲೆ ಆದಾಮ ಮತ್ತು ಈವ ಸ್ವರ್ಗದಿಂದ ಹೊರದೂಡಲ್ಪಡುತ್ತಾರೆ. ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ. ಹೊಟ್ಟೆ ಒಳಕ್ಕೆ ಸೆಳೆದುಕೊಂಡಿದೆ, ಅಳುವಾಗ ಉಸಿರು ಸಿಕ್ಕಿಹಾಕಿಕೊಂಡವರ ಹೊಟ್ಟೆಯದು. ಈವಳ ಬಾಯಿ ತೆರೆದಿದೆ, ಕಣ್ಣುಗಳು ಎರಡು ಕಪ್ಪು ಗೀರುಗಳಷ್ಟೆ. ಹತ್ತಿರ ಹೋದರೆ ಆ ಕಣ್ಣುಗಳಲ್ಲಿ ರೇಖೆಯೇ ಇಲ್ಲ, ಬೇಗ ಬೇಗ ಒತ್ತಿದ ಕುಂಚದ ಗುರುತು ಮಾತ್ರ ಇದೆ. ಮುಂದೊಂದು ಕಾಲದಲ್ಲಿ ಮರ್ಯಾದೆಯ ಹೆಸರಿನಲ್ಲಿ ಅವರಿಬ್ಬರಿಗೂ ಎಲೆಗಳನ್ನು ತೊಡಿಸಲಾಗಿತ್ತು. 1980ರ ದಶಕದ ಸಂರಕ್ಷಣಾ ಕಾರ್ಯದಲ್ಲಿ ಆ ಎಲೆಗಳನ್ನು ತೆಗೆದರು.

ಅದರ ಪಕ್ಕದ ದೊಡ್ಡ ಚಿತ್ರದಲ್ಲಿ ಸುಂಕದವನು ಹಣ ಕೇಳುವುದು, ಪೀಟರ್ ಮೀನಿನ ಬಾಯಿಂದ ನಾಣ್ಯ ತೆಗೆಯುವುದು, ಅದನ್ನು ಸುಂಕದವನ ಕೈಗಿಡುವುದು, ಈ ಮೂರೂ ಒಂದೇ ಚೌಕಟ್ಟಿನೊಳಗಿವೆ, ಪೀಟರ್ ಮೂರು ಬಾರಿ ಕಾಣಿಸಿಕೊಳ್ಳುತ್ತಾನೆ. ಹಳೇಬೀಡಿನ ಗೋಡೆಗಳಲ್ಲಿ ಸಾಲಾಗಿ ಸಾಗುವ ರಾಮಾಯಣದ ಕಥೆಯನ್ನು ನೋಡುತ್ತ ನಡೆದವರಿಗೆ ಇದು ಹೊಸತೆನಿಸುವುದಿಲ್ಲ. ಹೊಸತಾಗಿ ಕಂಡದ್ದು ಬೆಳಕು. ಬಲಿಪೀಠದ ಹಿಂದೆ ನಿಜವಾದ ಒಂದು ಕಿಟಕಿ ಇದೆ. ಎಡಗೋಡೆಯ ಚಿತ್ರದಲ್ಲಿ ಬೆಳಕು ಬಲದಿಂದ, ಬಲಗೋಡೆಯ ಚಿತ್ರದಲ್ಲಿ ಎಡದಿಂದ, ಅಂದರೆ ಎರಡೂ ಕಡೆ ಆ ಕಿಟಕಿಯ ದಿಕ್ಕಿನಿಂದಲೇ ಬರುತ್ತದೆ. ಅಲ್ಲಿ ನಿಂತವನ ಹೆಗಲ ಮೇಲೆ ಬೀಳುವ ಬೆಳಕೇ ಪೀಟರನ ಹೆಗಲ ಮೇಲೂ ಬಿದ್ದಿದೆ. ಪುಸ್ತಕದ ಹಾಳೆಯಲ್ಲಿ ಕಿಟಕಿಯೇ ಇಲ್ಲದಿರುವುದರಿಂದ ಈ ಸಂಗತಿ ಎಂದಿಗೂ ಕಾಣಸಿಗದು.

ಸಾನ್ ಮಾರ್ಕೊ ಮಠವೂ ಇದೇ ಬಗೆಯದು. 1440ರ ಆಸುಪಾಸಿನಲ್ಲಿ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಚಿತ್ರಕಾರ ತನ್ನ ಸಹಾಯಕರೊಡನೆ ಅಲ್ಲಿನ ಒಂದೊಂದು ಕೋಣೆಯಲ್ಲಿಯೂ ಒಂದೊಂದು ಚಿತ್ರ ಬರೆದ. ಕೋಣೆಯೊಂದರಲ್ಲಿ ಇರುವುದು ಒಂದು ಕಿಟಕಿ, ಅದರ ಪಕ್ಕದಲ್ಲಿ ಒಂದು ಚಿತ್ರ. ಒಬ್ಬನೇ ಸನ್ಯಾಸಿ ಜೀವಮಾನವಿಡೀ ನೋಡಲೆಂದು ಬರೆದ ಚಿತ್ರಗಳಾದ್ದರಿಂದ ಅವುಗಳಲ್ಲಿ ಆಡಂಬರವಿಲ್ಲ, ಚಿನ್ನವೂ ಕಡಿಮೆ.

ಏಪ್ರಿಲಿನಲ್ಲಿ ರೈಲಿನಲ್ಲಿ ಪಾದುವಾಕ್ಕೆ ಹೋದೆವು. ಜೊಟ್ಟೊ ಚಿತ್ರ ಬರೆದ ಸ್ಕ್ರೊವೆನ್ಯಿ ಚಾಪೆಲ್‌ನ ಒಳಗೆ ಬಿಡುವ ಮುನ್ನ ಗಾಜಿನ ಕೋಣೆಯೊಂದರಲ್ಲಿ 15 ನಿಮಿಷ ಕೂರಿಸುತ್ತಾರೆ. ನಮ್ಮ ಮೈಯ ತೇವ ಮತ್ತು ಧೂಳು ಒಳಗಿನ ಗಾಳಿಯನ್ನು ಕೆಡಿಸಬಾರದೆಂಬ ಎಚ್ಚರಿಕೆ ಅದು. ಒಳಗಿರಲು ಸಿಗುವುದೂ ಸುಮಾರು ಅಷ್ಟೇ ಹೊತ್ತು. ಎನ್ರಿಕೊ ಸ್ಕ್ರೊವೆನ್ಯಿ ಎಂಬ ಶ್ರೀಮಂತ ಕಟ್ಟಿಸಿದ ಈ ಚಾಪೆಲ್ 1305ರಲ್ಲಿ ಪ್ರತಿಷ್ಠಾಪನೆಗೊಂಡಿತು. ಆತನ ತಂದೆ ರೆಜಿನಾಲ್ದೊನನ್ನು ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಕೋರರ ನಡುವೆ ಕೂರಿಸಿದ್ದಾನೆ. ಬಾಗಿಲಿನ ಮೇಲಿನ ಅಂತಿಮ ತೀರ್ಪಿನ ಚಿತ್ರದಲ್ಲಿ ಎನ್ರಿಕೊ ಮೊಣಕಾಲೂರಿ ಈ ಚಾಪೆಲ್‌ನ ಮಾದರಿಯನ್ನೇ ಮೇರಿಗೆ ಒಪ್ಪಿಸುತ್ತಿದ್ದಾನೆ. ಪೂಜೆ ಮುಗಿಸಿ ಹೊರಡುವ ಪ್ರತಿಯೊಬ್ಬನೂ ಆ ಗೋಡೆಯನ್ನು ಎದುರಿಸಿಯೇ ಹೋಗಬೇಕು.

ಚಾವಣಿಯ ನೀಲಿಯ ಬಗ್ಗೆ ಕೇಳಿದ್ದೆ, ಆದರೆ ಅದರ ಕೆಳಗೆ ನಿಂತಾಗ ತಲೆ ಕೆಳಗಿಳಿಸಲು ಮನಸ್ಸಾಗಲಿಲ್ಲ. ಕಾರ್ಯಾಗಾರದಲ್ಲಿ ಕಲಿತ ಸಂಗತಿಯೊಂದು ಅಲ್ಲಿ ಕಣ್ಣಿಗೆ ಕಂಡಿತು. ನೀಲಿ ಬಣ್ಣದ ಖನಿಜವು ಹಸಿ ಸುಣ್ಣಕ್ಕೆ ಹೊಂದದ್ದರಿಂದ ಅದನ್ನು ಗಾರೆ ಒಣಗಿದ ಮೇಲೆ ಅಂಟಿನೊಂದಿಗೆ ಹಚ್ಚುತ್ತಿದ್ದರು. ಕಲ್ಲಿನೊಳಗೆ ಸೇರದ ಆ ಬಣ್ಣ ಕಾಲಕ್ರಮೇಣ ಉದುರುತ್ತದೆ. ಮೂವರು ಜ್ಞಾನಿಗಳು ಕಾಣಿಕೆ ತಂದ ಚಿತ್ರದಲ್ಲಿ ಮೇರಿಯ ನಿಲುವಂಗಿಯ ನೀಲಿ ಬಹುಪಾಲು ಹೋಗಿದೆ. ಅದೇ ಚಿತ್ರದ ಮೇಲ್ಭಾಗದಲ್ಲಿ ನಕ್ಷತ್ರದ ಬದಲು ಉರಿಯುವ ಧೂಮಕೇತು ಇದೆ. 1301ರಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತುವನ್ನು ಜೊಟ್ಟೊ ಕಂಡಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಯೇಸುವಿನ ಶವದ ಸುತ್ತ ನೆರೆದವರ ಚಿತ್ರದಲ್ಲಿ ಇಬ್ಬರು ನಮಗೆ ಬೆನ್ನು ತಿರುಗಿಸಿ ಕುಳಿತಿದ್ದಾರೆ. ಅವರ ಮುಖ ಕಾಣುವುದಿಲ್ಲ, ಆದರೆ ಬೆನ್ನಿನ ಬಾಗು ನೋಡಿದರೆ ಸಾಕು, ಆ ದುಃಖ ಯಾರಿಗೂ ವಿವರಿಸಬೇಕಾಗಿಲ್ಲ. ಸಮಯ ಮುಗಿದ ಗಂಟೆ ಬಾರಿಸಿದಾಗ ನಾನು ಇನ್ನೂ ಅಲ್ಲಿಯೇ ನಿಂತಿದ್ದೆ.

ಈಸ್ಟರ್ ಭಾನುವಾರ ಫ್ಲಾರೆನ್ಸಿನ ಮಹಾಚರ್ಚಿನ ಮುಂದೆ ನಡೆಯುವ ರಥದ ಸಿಡಿಮದ್ದಿನ ಉತ್ಸವವನ್ನು ಜನಸಂದಣಿಯ ನಡುವೆ ನಿಂತು ನೋಡಿದೆ. ಬಿಳಿ ಎತ್ತುಗಳು ಎಳೆದು ತಂದ ಎತ್ತರದ ಬಂಡಿಯಿಂದ ಬಲಿಪೀಠದವರೆಗೆ ತಂತಿ ಕಟ್ಟಿರುತ್ತಾರೆ. ಪೂಜೆಯ ನಡುವೆ ಪಾರಿವಾಳದ ಆಕಾರದ ಬಾಣವೊಂದು ಆ ತಂತಿಯಲ್ಲಿ ಹಾರಿ ಬಂದು ಬಂಡಿಗೆ ಬೆಂಕಿ ತಗುಲಿಸಿ ಮರಳಿ ಹೋಗುತ್ತದೆ. ಅದು ಸರಿಯಾಗಿ ಮರಳಿದರೆ ಆ ವರ್ಷ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಆ ಜನರನ್ನು ನೋಡುವಾಗ ನಮ್ಮೂರಿನ ತೇರಿನ ದಿನವೇ ಕಣ್ಣ ಮುಂದೆ ಬಂತು.

ಸಿಯೆನಾ ಊರಿನ ಆಡಳಿತ ಭವನವಾದ ಪಾಲಾತ್ಸೊ ಪುಬ್ಲಿಕೊದ ಚಿತ್ರಗಳು ಚರ್ಚಿನವಲ್ಲ, ಆಡಳಿತದವು. ಒಂಬತ್ತು ಜನರ ಆಡಳಿತ ಮಂಡಲಿ ಸಭೆ ಸೇರುತ್ತಿದ್ದ ಕೋಣೆಯಲ್ಲಿ ಆಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಒಳ್ಳೆಯ ಸರ್ಕಾರ ಮತ್ತು ಕೆಟ್ಟ ಸರ್ಕಾರದ ಫಲಗಳನ್ನು ಬರೆದ. ಒಂದು ಗೋಡೆಯಲ್ಲಿ ನಗರದ ಬೀದಿ: ಚಮ್ಮಾರನ ಅಂಗಡಿ, ಮನೆ ಕಟ್ಟುವ ಗಾರೆಯವರು, ಕೈ ಹಿಡಿದು ಕುಣಿಯುವವರು. ಊರಬಾಗಿಲಿನ ಆಚೆ ಉಳುಮೆ, ಒಕ್ಕಣೆ, ಸಂತೆಗೆ ಹೊರಟ ಕತ್ತೆಗಳು. ಎದುರು ಗೋಡೆಯಲ್ಲಿ ಕೊಂಬಿನ ದೊರೆಯ ಕಾಲ ಕೆಳಗೆ ನ್ಯಾಯದೇವತೆ ಕಟ್ಟಿಹಾಕಲ್ಪಟ್ಟಿದ್ದಾಳೆ, ಹೊಲಗಳು ಪಾಳು ಬಿದ್ದಿವೆ. ತೀರ್ಮಾನ ಕೈಗೊಳ್ಳುವವರು ಕುಳಿತಲ್ಲಿಂದಲೇ ಎರಡನ್ನೂ ನೋಡಬೇಕೆಂಬುದು ಆ ಊರಿನವರ ಉದ್ದೇಶವಾಗಿತ್ತು, ಇದಕ್ಕಿಂತ ಗಂಭೀರವಾದ ರಾಜಕೀಯ ಚಿತ್ರವನ್ನು ನಾನು ನೋಡಿಲ್ಲ. 1348ರ ಪ್ಲೇಗಿನ ಬಳಿಕ ಲೊರೆಂಜೆತ್ತಿಯ ಸುಳಿವೇ ಇಲ್ಲ. ಹೊರಗೆ ಬಂದರೆ 17 ಕೇರಿಗಳಾಗಿ ಹಂಚಿಕೊಂಡ ಊರು. ಗೋಡೆಗಳ ಮೇಲೆ ಬಸವನಹುಳು, ಹೆಬ್ಬಾತು ಮುಂತಾದ ಕೇರಿಗಳ ಲಾಂಛನಗಳು. ಜುಲೈ 2 ಮತ್ತು ಆಗಸ್ಟ್ 16ರಂದು ಈ ಕೇರಿಗಳ ನಡುವೆ ನಡೆಯುವ ಕುದುರೆ ಓಟದ ಹೊತ್ತಿಗೆ ನನ್ನ ವೀಸಾ ಅವಧಿ ಮುಗಿದಿರುತ್ತಿತ್ತು.

ರೋಮಿನ ಬಗ್ಗೆ ಒಂದೇ ಮಾತು. ಸಾನ್ ಲುಯಿಜಿ ದೇ ಫ್ರಾಂಚೇಸಿ ಚರ್ಚಿನಲ್ಲಿ ಕರವಾಜ್ಜೊನ ಸಂತ ಮ್ಯಾಥ್ಯೂ ಚಿತ್ರಗಳು 1600ರ ಸುಮಾರಿಗೆ ತೂಗುಹಾಕಿದ ಚಾಪೆಲ್‌ನಲ್ಲಿಯೇ ಇವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಆರಿದ ಮೇಲೆ ಬರಿಯ ಕಿಟಕಿಯ ಬೆಳಕಿನಲ್ಲಿ ನೋಡುವುದೇ ಲೇಸು.

ಪರೀಕ್ಷೆ ಮುಗಿದ ಮೇಲೆ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿಗೆ ಹೋದೆ. 1966ರ ನವೆಂಬರ್ 4ರಂದು ಆರ್ನೊ ಉಕ್ಕಿ ಹರಿದಾಗ ಇಲ್ಲಿದ್ದ ಚಿಮಾಬುವೆಯ ಮರದ ಶಿಲುಬೆಯ ಬಣ್ಣ ಬಹುಪಾಲು ಕೊಚ್ಚಿಹೋಯಿತು. ಚಿತ್ರಕಾರ ವಸಾರಿಯ ಅಂತಿಮ ಭೋಜನದ ಫಲಕ ಗಂಟೆಗಟ್ಟಲೆ ಕೆಸರು ನೀರಿನಲ್ಲಿ ಮುಳುಗಿತ್ತು. ದೇಶವಿದೇಶಗಳಿಂದ ಬಂದ ನಮ್ಮದೇ ವಯಸ್ಸಿನ ವಿದ್ಯಾರ್ಥಿಗಳು ಆಗ ಪುಸ್ತಕಗಳನ್ನೂ ಚಿತ್ರಗಳನ್ನೂ ಕೆಸರಿನಿಂದ ಎತ್ತಿ ಸಾಗಿಸಿದರು. ಊರಿನವರು ಅವರನ್ನು ಕೆಸರಿನ ದೇವದೂತರೆಂದು ಇಂದಿಗೂ ನೆನೆಯುತ್ತಾರೆ. ಒಪಿಫಿಚೊ ದೆಲ್ಲೆ ಪಿಯೆತ್ರೆ ದೂರೆ ಸಂಸ್ಥೆಯ ಸಂರಕ್ಷಕರು ವಸಾರಿಯ ಫಲಕವನ್ನು ಸರಿಪಡಿಸಿ, ಪ್ರವಾಹಕ್ಕೆ 50 ವರ್ಷ ತುಂಬಿದ 2016ರಲ್ಲಿ ಸಾಂತಾ ಕ್ರೋಚೆಗೇ ಮರಳಿಸಿದರು. ಇನ್ನೊಮ್ಮೆ ನೀರು ಬರುವ ಸೂಚನೆ ಸಿಕ್ಕರೆ ಅದನ್ನು ಮೇಲಕ್ಕೆತ್ತುವ ವ್ಯವಸ್ಥೆಯನ್ನೂ ಅಳವಡಿಸಿದ್ದಾರೆ. ಸುರಕ್ಷಿತವಾದ ಬೇರೆ ಊರಿಗೆ ಸಾಗಿಸದೆ, ಅಪಾಯವಿರುವ ಜಾಗದಲ್ಲಿಯೇ ಅದನ್ನು ಕಾಪಾಡುವ ಹೊಣೆ ಹೊತ್ತ ಆ ನಿರ್ಧಾರ ನನಗೆ ಬಹಳ ದೊಡ್ಡದಾಗಿ ಕಂಡಿತು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿ ಚಿತ್ರಗಳ ಕುರಿತು ನಾನು ಬರೆಯಬೇಕಿರುವ ಪ್ರಬಂಧದ ರೂಪುರೇಖೆಯನ್ನು ಅದೇ ವಾರ ತಿದ್ದಿದೆ. ಚಿತ್ರಗಳ ವಿಷಯವನ್ನು ಪಟ್ಟಿ ಮಾಡುವ ಮೊದಲ ಅಧ್ಯಾಯವನ್ನು ಹಿಂದಕ್ಕೆ ಸರಿಸಿ, ಮಂಟಪಕ್ಕೆ ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಬೆಳಕು ಬರುತ್ತದೆ, ಭಕ್ತರು ಎಲ್ಲಿ ನಿಂತು ತಲೆಯೆತ್ತುತ್ತಾರೆ ಎಂಬುದನ್ನು ದಾಖಲಿಸುವ ಅಧ್ಯಾಯವನ್ನು ಮುಂದಿಟ್ಟು ಮಾರ್ಗದರ್ಶಕರಿಗೆ ಕಳುಹಿಸಿದೆ.