ಕನೆಕ್ಷನ್ ಕಟ್ ಆದರೆ ಮೊದಲು ಸಮಯ ನೋಡಿ

ಡೇಟಾಬೇಸ್ ಕನೆಕ್ಷನ್ ಪದೇ ಪದೇ ಕಟ್ ಆಗುತ್ತಿದೆ ಅಂದ ಕೂಡಲೇ 'ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಎಷ್ಟು ಕನೆಕ್ಷನ್ ಇರಬಹುದು ಎಂಬ ಮಿತಿ) ಜಾಸ್ತಿ ಮಾಡಿ' ಅನ್ನುವ ಸಲಹೆ ಬರುತ್ತದೆ. ನಮ್ಮ ಟೀಮಿನಲ್ಲೂ ಬಂತು. ಆದರೆ ಆ ಮಿತಿ ತುಂಬಿದರೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಹೊಸ ಕನೆಕ್ಷನ್ ಕೊಡುವುದಿಲ್ಲ, ಅಷ್ಟೇ. ಇರುವುದನ್ನು ಕಡಿಯುವುದಿಲ್ಲ. ನಮಗೆ ಬರುತ್ತಿದ್ದುದು 'ಕನೆಕ್ಷನ್ ರೀಸೆಟ್', ಅಂದರೆ ಇದ್ದ ಕನೆಕ್ಷನ್ನೇ ಕಡಿದು ಹೋದ ಎರರ್.

ಲಾಗ್‌ನಲ್ಲಿ ಎರರ್ ಬಂದ ಹೊತ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಬಳಕೆ ಜಾಸ್ತಿ ಇದ್ದಾಗ ತೊಂದರೆಯೇ ಇಲ್ಲ. ಬೆಳಗಿನ ಜಾವ, ಊಟದ ಹೊತ್ತು, ಹೀಗೆ ಯಾರೂ ಇಲ್ಲದಾಗಲೇ ಎರರ್. ಲೋಡ್‌ನಿಂದ ಹೀಗಾಗಲ್ಲ ಅಲ್ವಾ?

ಆಮೇಲೆ ಅಪ್ಲಿಕೇಶನ್ ಮತ್ತು ಡೇಟಾಬೇಸ್ ಎರಡೂ ಕಡೆ ಟಿಸಿಪಿಡಂಪ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಹಾಕಿದೆವು. ಅಪ್ಲಿಕೇಶನ್ ಸರ್ವರ್‌ಗೆ ರೀಸೆಟ್ ಪ್ಯಾಕೆಟ್ ಬಂದಿತ್ತು, ಆದರೆ ಡೇಟಾಬೇಸ್ ಅದನ್ನು ಕಳಿಸಿಯೇ ಇರಲಿಲ್ಲ. ಅಲ್ಲಿ ಅದೇ ಕನೆಕ್ಷನ್ ಇನ್ನೂ 'ಐಡಲ್', ಅಂದರೆ ತೆರೆದೇ ಇದ್ದು ಸುಮ್ನೆ ಕೂತಿದೆ ಎಂದು ಕಾಣುತ್ತಿತ್ತು. ಅಂದರೆ ಕಡಿದದ್ದು ನಡುವಿನ ಯಾವುದೋ ಸಾಧನ. ನಮ್ಮಲ್ಲಿ ಅದು ನ್ಯಾಟ್ ಗೇಟ್‌ವೇ (ನೆಟ್‌ವರ್ಕ್ ವಿಳಾಸ ಬದಲಿಸಿ ಪ್ಯಾಕೆಟ್ ದಾಟಿಸುವ ಸಾಧನ). 350 ಸೆಕೆಂಡ್ ಒಂದೂ ಪ್ಯಾಕೆಟ್ ಓಡಾಡದಿದ್ದರೆ ಅದು ಆ ಕನೆಕ್ಷನ್ ಅನ್ನು ಮರೆತುಬಿಡುತ್ತದೆ, ಆಮೇಲೆ ಬಂದ ಪ್ಯಾಕೆಟ್‌ಗೆ ರೀಸೆಟ್ ಕಳಿಸುತ್ತದೆ. ಲಿನಕ್ಸ್ ತನ್ನ ಮೊದಲ ಕೀಪ್‌ಅಲೈವ್ (ಕನೆಕ್ಷನ್ ಜೀವಂತವಾಗಿಡುವ ಸಣ್ಣ ಪ್ಯಾಕೆಟ್) ಕಳಿಸುವುದು ಮಾಮೂಲಿಯಾಗಿ 7200 ಸೆಕೆಂಡ್ ಆದ ಮೇಲೆ. ಅದೂ ಪ್ರೋಗ್ರಾಂ ಕೇಳಿದ್ದರೆ ಮಾತ್ರ. ನಮ್ಮ ಅಪ್ಲಿಕೇಶನ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್‌ನಲ್ಲಿ ಅದು ಮೊದಲಿಂದ ಆಫ್ ಇರುತ್ತದೆ.

ಕನೆಕ್ಷನ್ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಬೇಕಾದಾಗ ಕೊಡುವ ಭಾಗ) ಆಗಾಗ ಒಂದು ಸಣ್ಣ ಕ್ವೆರಿ ಕಳಿಸುತ್ತಿದ್ದರೆ ಸಾಕು ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಪೂಲ್ ಪರೀಕ್ಷಿಸುವುದು ಸುಮ್ನೆ ಕೂತ ಕನೆಕ್ಷನ್‌ಗಳನ್ನು ಮಾತ್ರ. ನಮ್ಮ ತಿಂಗಳ ರಿಪೋರ್ಟ್ ಕ್ವೆರಿ ಆರು ನಿಮಿಷಕ್ಕಿಂತ ಜಾಸ್ತಿ ಓಡುತ್ತಿತ್ತು. ಅಷ್ಟು ಹೊತ್ತೂ ಡೇಟಾಬೇಸ್ ಬೆವರು ಸುರಿಸಿ ದುಡಿಯುತ್ತಿದ್ದರೂ ತಂತಿಯ ಮೇಲೆ ಏನೂ ಹರಿಯುವುದಿಲ್ಲ. ಗೇಟ್‌ವೇ ಕಣ್ಣಿಗೆ ಅದೂ ಖಾಲಿಯೇ. ರಿಪೋರ್ಟ್ ಆಗಾಗ ಮುಗಿಯದೆ ನಿಂತುಬಿಡುತ್ತಿದ್ದ ಕಾರಣ ಇದೇ ಎಂದು ಆಗ ತಿಳಿಯಿತು. ಅಕೌಂಟ್ಸ್‌ನವರು ಪಾಪ, ಅದನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು.

ಹಾಗಾಗಿ ಡ್ರೈವರ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಆನ್ ಮಾಡಿ, ಎರಡೂ ಕಡೆ ಅದರ ಸಮಯವನ್ನು 60 ಸೆಕೆಂಡ್‌ಗೆ ಇಳಿಸಿದೆವು. ಇದನ್ನು ಕಳಿಸುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಕ್ವೆರಿ ಓಡುತ್ತಿದ್ದರೂ ಹೋಗುತ್ತದೆ. ರೀಸೆಟ್ ನಿಂತವು, ರಿಪೋರ್ಟ್ ಕೂಡ ಪೂರ್ತಿ ಬಂತು.

ನಿಮ್ಮಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದ್ದರೆ ಇನ್ನೊಂದು ನೋಡಿ. ಅಲ್ಲಿ ಸುಮ್ನೆ ಕೂತ ಕನೆಕ್ಷನ್ ಅನ್ನು ಸರ್ವರ್ ತಾನೇ ಮುಚ್ಚುತ್ತದೆ. ಎಷ್ಟು ಹೊತ್ತು ಕಾದು ಮುಚ್ಚಬೇಕು ಎನ್ನುವ ವೇಟ್ ಟೈಮ್‌ಔಟ್ ಮಾಮೂಲಿಯಾಗಿ 28800 ಸೆಕೆಂಡ್, ಅಂದರೆ ಎಂಟು ಗಂಟೆ. ಯಾರಾದರೂ ಅದನ್ನು ಇಳಿಸಿದ್ದರೆ ಕೀಪ್‌ಅಲೈವ್‌ನಿಂದ ಉಪಯೋಗವಿಲ್ಲ. ಪೂಲ್ ಅದಕ್ಕಿಂತ ಮೊದಲೇ ಕನೆಕ್ಷನ್ ಬದಲಿಸಬೇಕು.