16 ಎಂದ ಉತ್ತರ, 20 ಬೇಕಿದ್ದ ವಿದ್ಯಾರ್ಥಿ

2023ರ ಕೊನೆಯ ತಿಂಗಳುಗಳಲ್ಲಿ ನಾನು ಪಾಠ ಮಾಡುವ ಇಂಜಿನಿಯರಿಂಗ್ ಕಾಲೇಜಿನ ಒಂದೇ ಕಟ್ಟಡದಲ್ಲಿ ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) ಮೂರು ಸ್ಕೀಮ್‌ಗಳು, ಅಂದರೆ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳ ಮೂರು ಆವೃತ್ತಿಗಳು, ಏಕಕಾಲಕ್ಕೆ ನಡೆಯುತ್ತಿದ್ದವು. ಏಳನೇ ಸೆಮಿಸ್ಟರ್‌ನವರಿಗೆ 2018ರ ಸ್ಕೀಮ್, ಐದನೆಯವರಿಗೆ 2021ರದು, ಮೂರನೆಯವರಿಗೆ 2022ರದು. ಸಿಐಇ (ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ) ಎಷ್ಟಕ್ಕೆ, ಪಾಸಾಗಲು ಎಷ್ಟು ಬೇಕು, ಬ್ಯಾಕ್ (ಪಾಸಾಗದ ವಿಷಯ) ಉಳಿದರೆ ಮುಂದೇನು ಎಂಬ ಪ್ರಶ್ನೆಗಳಿಗೆ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ದಿನವೂ ಸಾಲು ನಿಲ್ಲುತ್ತಿತ್ತು. ಆ ಸಾಲಿನಲ್ಲಿ ನಿಲ್ಲುವುದಕ್ಕೂ ಅಂಜುವ, ಪಿಯುಸಿಯವರೆಗೆ ಕನ್ನಡದಲ್ಲೇ ಪಾಠ ಕೇಳಿ ಬಂದು ಇಂಗ್ಲಿಷ್ ನಿಯಮಾವಳಿಯನ್ನು ಕಂಡರೆ ಹಿಂಜರಿಯುವ ಮಕ್ಕಳೇ ಹೆಚ್ಚು ನಷ್ಟಕ್ಕೆ ಒಳಗಾಗುತ್ತಾರೆ ಎಂಬುದನ್ನು ನಾನು ವರ್ಷಗಳಿಂದ ಕಂಡಿದ್ದೇನೆ.

ಹಾಗಾಗಿ ಅಂತಿಮ ವರ್ಷದ ಒಂದು ತಂಡವು ಕನ್ನಡದಲ್ಲಿ ಪ್ರಶ್ನೆ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವ ಎಐ ವೆಬ್‌ಸೈಟ್ ಕಟ್ಟುವುದಾಗಿ ಸಿನಾಪ್ಸಿಸ್ (ಪ್ರಾಜೆಕ್ಟ್‌ನ ಸಾರಾಂಶ) ತಂದಾಗ ನಾನು ಮನಸಾರೆ ಒಪ್ಪಿಕೊಂಡೆ. ಸ್ಕೀಮ್‌ಗಳ ನಿಯಮಾವಳಿ, ಸುತ್ತೋಲೆಗಳು, ಸ್ಕಾಲರ್‌ಶಿಪ್ ಸೂಚನೆಗಳು ಎಲ್ಲವನ್ನೂ ಚಂಕ್ ಮಾಡಿ, ಅಂದರೆ ಸಣ್ಣ ತುಂಡುಗಳಾಗಿ ಒಡೆದು, ಅರ್ಥದ ಹೋಲಿಕೆಯಿಂದ ಹುಡುಕಬಲ್ಲ ವೆಕ್ಟರ್ ಡೇಟಾಬೇಸ್‌ಗೆ ಹಾಕುವುದು, ಪ್ರಶ್ನೆಗೆ ಹತ್ತಿರವಾದ ಚಂಕ್‌ಗಳನ್ನು ಎತ್ತಿ ಉತ್ತರ ಬರೆಯುವ ಎಐ ಮಾಡೆಲ್‌ಗೆ ಕೊಡುವುದು, ಬಂದ ಉತ್ತರವನ್ನು ಕನ್ನಡದಲ್ಲಿ ತೋರಿಸುವುದು ಅವರ ಯೋಜನೆಯಾಗಿತ್ತು. ಸ್ಕಾಲರ್‌ಶಿಪ್ ಸುತ್ತೋಲೆಗಳಲ್ಲಿ ಹಲವು ಹಳೆಯ ನುಡಿ ಫಾಂಟ್‌ನಲ್ಲಿದ್ದವು. ಪರದೆಯ ಮೇಲೆ ಕನ್ನಡವಾಗಿ ಕಾಣುವ ಆ ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತಿದ್ದವು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದಲ್ಲೆಲ್ಲ ಕೈಯಿಂದ ತಿದ್ದುವುದರಲ್ಲೇ ತಂಡದ ಬಹುಪಾಲು ಶ್ರಮ ಹೋಯಿತು. ರಿವ್ಯೂಗಳಲ್ಲಿ ಆ ಶ್ರಮಕ್ಕೆ ಅಂಕ ಕೊಡುವ ಕಾಲಮ್ಮೇ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ನನ್ನ ಗಮನವೆಲ್ಲ ಉತ್ತರದ ಭಾಷೆಯ ಮೇಲಿತ್ತು. ವಾಕ್ಯ ಸಹಜವಾಗಿದೆಯೇ, ಹಳ್ಳಿಯಿಂದ ಬಂದ ಹುಡುಗಿಗೆ ಅರ್ಥವಾಗುತ್ತದೆಯೇ, ಮಾಡೆಲ್ ತಾನೇ ಏನನ್ನಾದರೂ ಹೆಣೆಯುತ್ತಿದೆಯೇ ಎಂದು ಪರೀಕ್ಷಿಸಿ, ಉತ್ತರ ಎಷ್ಟು ಬದಲಾಗಬಹುದೆಂದು ನಿಯಂತ್ರಿಸುವ ಟೆಂಪರೇಚರ್ ಅನ್ನು ಸೊನ್ನೆಗೆ ಇಳಿಸಲು ಹೇಳಿದ್ದೆ. ಅಂದಿನಿಂದ ಒಂದೇ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಉತ್ತರ ಬರತೊಡಗಿತು. ಆ ಸ್ಥಿರತೆಯನ್ನೇ ನಾವು ನಂಬಿಕೆಗೆ ಆಧಾರವೆಂದು ತಿಳಿದೆವು. ತಪ್ಪು ಉತ್ತರವೂ ಅಷ್ಟೇ ಸ್ಥಿರವಾಗಿ ಬರಬಲ್ಲದು ಎಂಬ ಕಡೆಗೆ ಯಾರ ಯೋಚನೆಯೂ ಹರಿಯಲಿಲ್ಲ.

ಇನ್ನೊಂದಿಷ್ಟು ಪರೀಕ್ಷೆ ಬಾಕಿ ಇರುವಾಗಲೇ ಲಿಂಕನ್ನು ಎಲ್ಲ ತರಗತಿಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಬೇಕೆಂದು ಆಡಳಿತ ಮಂಡಳಿ ಪಟ್ಟು ಹಿಡಿಯಿತು. ಸಮಿತಿಯೊಂದರ ಭೇಟಿ ಹತ್ತಿರವಿತ್ತು, ತೋರಿಸಲು ಬಳಕೆದಾರರ ಸಂಖ್ಯೆ ಬೇಕಿತ್ತು. ಅಂದು ಸಂಜೆ ನಾನು, ತಂಡದ ಲೀಡರ್ ಆಗಿದ್ದ ಹುಡುಗಿ ಮತ್ತು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದಿದ್ದ ಹುಡುಗ ಲ್ಯಾಬಿನಲ್ಲಿ ಕುಳಿತು ಲಾಗ್ (ಬಂದ ಪ್ರಶ್ನೋತ್ತರಗಳ ದಾಖಲೆ) ಓದುತ್ತಿದ್ದೆವು. ಸಿಐಇಯನ್ನೇ ಐಎ ಎಂದು ಕರೆದಿದ್ದ ಪ್ರಶ್ನೆಯೊಂದು ಹೀಗಿತ್ತು: ‘ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಐಎ 18 ಆಗುತ್ತೆ. ನಾಳೆ ಇಂಪ್ರೂವ್‌ಮೆಂಟ್ ಟೆಸ್ಟ್ ಬರೀಲೇಬೇಕಾ?’ ವೆಬ್‌ಸೈಟ್ ಕೊಟ್ಟ ಉತ್ತರ: ‘ಸಿಐಇಯಲ್ಲಿ ಕನಿಷ್ಠ 16 ಅಂಕ ಸಾಕು. ನಿಮಗೆ 18 ಇರುವುದರಿಂದ ನೀವು ಎಸ್‌ಇಇ (ಸೆಮಿಸ್ಟರ್ ಅಂತ್ಯದ ಪರೀಕ್ಷೆ) ಬರೆಯಲು ಅರ್ಹರು.’

ಹುಡುಗ ಓದಿ, ‘ಕರೆಕ್ಟಾಗೇ ಹೇಳಿದೆ ಸರ್’ ಎಂದ. ಲೀಡರ್ ಕೂಡ ಹೌದೆಂದಳು. ನಾನೂ ತಲೆಯಾಡಿಸಿ ಮುಂದಿನ ಸಾಲಿಗೆ ಹೋದೆ. ಆದರೆ ಡೇಟಾ ಸ್ಟ್ರಕ್ಚರ್ಸ್ ಎಂಬ ಪದ ಕಣ್ಣಿನಲ್ಲೇ ಉಳಿಯಿತು. ಅದು ಮೂರನೇ ಸೆಮಿಸ್ಟರ್‌ನ ವಿಷಯ, ಅಂದರೆ ಕೇಳಿದವರು 2022ರ ಸ್ಕೀಮ್‌ನವರು. 2018ರ ಸ್ಕೀಮ್‌ನಲ್ಲಿ ಸಿಐಇ 40 ಅಂಕಗಳಿಗೆ, ಅದರಲ್ಲಿ 40 ಶೇಕಡಾ ಎಂದರೆ 16. 2022ರದರಲ್ಲಿ ಸಿಐಇ 50ಕ್ಕೆ, ಬೇಕಾದದ್ದು 20. ಹದಿನೆಂಟು ಅಂಕದೊಂದಿಗೆ ಆ ವಿದ್ಯಾರ್ಥಿ ಅರ್ಹರೇ ಆಗುತ್ತಿರಲಿಲ್ಲ, ಮತ್ತು ಉಳಿದಿದ್ದ ಒಂದೇ ಅವಕಾಶವಾದ ಮರುದಿನ ಬೆಳಗಿನ ಟೆಸ್ಟ್ ಬೇಡವೆಂದು ನಮ್ಮ ವೆಬ್‌ಸೈಟ್ ಸ್ಪಷ್ಟವಾದ, ಸುಂದರವಾದ ಕನ್ನಡದಲ್ಲಿ ತಿಳಿಸಿಬಿಟ್ಟಿತ್ತು.

‘ಯಾರಮ್ಮ ಕೇಳಿದ್ದು?’ ಎಂದೆ. ‘ಗೊತ್ತಾಗಲ್ಲ ಸರ್. ಹೆಸರು, ಯುಎಸ್‌ಎನ್ (ವಿಟಿಯು ನೋಂದಣಿ ಸಂಖ್ಯೆ) ಯಾವುದೂ ಸೇವ್ ಮಾಡಬಾರದು ಅಂತ ನಾವೇ ಡಿಸೈಡ್ ಮಾಡಿದ್ವಲ್ಲ’ ಎಂದು ಲೀಡರ್ ಹೇಳಿದಳು. ತನ್ನ ಅಂಕವನ್ನು ಹೇಳಿಕೊಳ್ಳಲು ಸಂಕೋಚಪಡುವ ವಿದ್ಯಾರ್ಥಿ ನಿರ್ಭಯವಾಗಿ ಕೇಳಲಿ ಎಂದು ನಾವು ಮಾಡಿಕೊಂಡಿದ್ದ ನಿಯಮವದು. ಈಗ ಅದೇ ಕಾರಣದಿಂದ ಆ ಒಬ್ಬ ವಿದ್ಯಾರ್ಥಿಯನ್ನು ತಲುಪಲು ದಾರಿಯಿರಲಿಲ್ಲ. ಹುಡುಗ ಸೈಟನ್ನು ಇಳಿಸಿ, ಆ ಜಾಗದಲ್ಲಿ ಯಾವ ಸ್ಕೀಮ್‌ಗೆ ಎಷ್ಟು ಅಂಕ ಬೇಕೆಂಬ ಸೂಚನೆ ಹಾಕಿದ. ಲೀಡರ್ ಮೂರನೇ ಸೆಮಿಸ್ಟರ್‌ನ ಎಲ್ಲ ವಿಭಾಗಗಳ ಸಿಆರ್‌ಗಳಿಗೆ (ತರಗತಿ ಪ್ರತಿನಿಧಿಗಳಿಗೆ) ಒಬ್ಬೊಬ್ಬರಿಗೂ ಫೋನ್ ಮಾಡಿದಳು. ನಾನು ಎರಡೂ ಹಾಸ್ಟೆಲ್‌ಗಳ ವಾರ್ಡನ್‌ಗಳಿಗೆ ವಿಷಯ ತಿಳಿಸಿ, ಊಟದ ಹೊತ್ತಿನಲ್ಲಿ ಮೆಸ್‌ನಲ್ಲಿ ಘೋಷಿಸಲು ಕೋರಿಕೊಂಡೆ. ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಸಿಆರ್ ಒಬ್ಬ ಫೋನ್ ಎತ್ತದೆ ಇದ್ದಷ್ಟು ಹೊತ್ತು ಆ ಹುಡುಗಿ ಕುರ್ಚಿಯಲ್ಲಿ ಕೂರಲಿಲ್ಲ. ಕೇಳಿದವರು ಯಾರು, ಮರುದಿನ ಟೆಸ್ಟ್ ಬರೆದರೇ ಎಂಬುದು ನಮಗೆ ಕೊನೆಗೂ ತಿಳಿಯಲಿಲ್ಲ.

ಕಾರಣ ಹುಡುಕಿದಾಗ ಮಾಡೆಲ್ ಏನನ್ನೂ ಕಟ್ಟಿ ಹೇಳಿರಲಿಲ್ಲ ಎಂಬುದು ಖಚಿತವಾಯಿತು. ಕೊಟ್ಟ ಚಂಕ್‌ನಲ್ಲಿ ಇದ್ದದ್ದನ್ನೇ ಅದು ಹೇಳಿತ್ತು. ಸ್ಕೀಮ್‌ನ ವರ್ಷ ಪಿಡಿಎಫ್‌ನ ಮೊದಲ ಪುಟದಲ್ಲಿ ಮಾತ್ರ ಇತ್ತು. ತುಂಡುಮಾಡಿದ ಮೇಲೆ ಕನಿಷ್ಠ ಅಂಕದ ಪ್ಯಾರಾ ಸರ್ವೆ ನಂಬರ್ ಹರಿದುಹೋದ ಪಹಣಿಯಂತೆ ಉಳಿಯಿತು, ಅದು ಯಾರ ಜಮೀನಿಗೆ ಸೇರಿದ್ದೆಂದು ಹೇಳುವಂತಿರಲಿಲ್ಲ. ಮೂರೂ ಸ್ಕೀಮ್‌ಗಳ ಆ ಪ್ಯಾರಾಗಳ ಮಾತು ಹೆಚ್ಚುಕಡಿಮೆ ಒಂದೇ ಆದ್ದರಿಂದ ಅರ್ಥವನ್ನು ಸಂಖ್ಯೆಗಳಾಗಿಸಿ ಹೋಲಿಸುವ ಎಂಬೆಡಿಂಗ್‌ಗೆ ಅವು ಬೇರೆಯಾಗಿ ಕಾಣಲೇ ಇಲ್ಲ.

ಆದರೆ ನನ್ನನ್ನು ಇಂದಿಗೂ ಹೆಚ್ಚು ಯೋಚನೆಗೆ ಹಚ್ಚುವ ಕಾರಣ ಇನ್ನೊಂದಿದೆ. ತಂಡದ ಎಲ್ಲರೂ ಏಳನೇ ಸೆಮಿಸ್ಟರ್‌ನವರು, 2018ರ ಸ್ಕೀಮ್‌ನವರು. ಟೆಸ್ಟಿಂಗ್ ಮಾಡುವಾಗ 16 ಎಂಬ ಉತ್ತರ ಎಷ್ಟೋ ಸಲ ಬಂದಿತ್ತು, ಪ್ರತಿ ಸಲವೂ ಅವರು ಅದಕ್ಕೆ ಸರಿ ಗುರುತು ಹಾಕಿದ್ದರು, ಏಕೆಂದರೆ ಅವರ ಪಾಲಿಗೆ ಅದು ನಿಜಕ್ಕೂ ಸರಿಯಾದ ಉತ್ತರ. ವಿದ್ಯಾರ್ಥಿಗಳ ಕಷ್ಟ ವಿದ್ಯಾರ್ಥಿಗಳಿಗೇ ಗೊತ್ತು ಎಂಬ ನಂಬಿಕೆಯಿಂದ ಇಂಥ ಪ್ರಾಜೆಕ್ಟ್‌ಗಳು ಹುಟ್ಟುತ್ತವೆ, ಅದು ಒಳ್ಳೆಯ ನಂಬಿಕೆಯೇ. ಆದರೆ ಸೀನಿಯರ್‌ಗೆ ಗೊತ್ತಿರುವುದು ತಾನು ದಾಟಿಬಂದ ನಿಯಮ, ಜೂನಿಯರ್ ಮುಂದಿರುವ ನಿಯಮವಲ್ಲ. ಮೂರನೇ ಸೆಮಿಸ್ಟರ್‌ನ ಒಬ್ಬರನ್ನು ಟೆಸ್ಟಿಂಗ್‌ಗೆ ಕೂರಿಸಿದ್ದರೂ ಮೊದಲ ದಿನವೇ ಇದು ಸಿಕ್ಕಿಬೀಳುತ್ತಿತ್ತು.

ತಂಡವು ಪ್ರತಿ ಚಂಕ್‌ಗೂ ಸ್ಕೀಮ್‌ನ ವರ್ಷ ಮತ್ತು ಸುತ್ತೋಲೆಯ ದಿನಾಂಕವನ್ನು ಮೆಟಾಡೇಟಾ ಆಗಿ, ಅಂದರೆ ಗುರುತುಚೀಟಿಯಂತೆ, ಸೇರಿಸಿತು. ಸ್ಕೀಮನ್ನು ಯುಎಸ್‌ಎನ್‌ನಲ್ಲಿರುವ ವರ್ಷದ ಎರಡು ಅಂಕೆಗಳಿಂದ ತಿಳಿಯೋಣವೆಂದು ನಾನು ಸೂಚಿಸಿದಾಗ ಲ್ಯಾಟರಲ್ ಎಂಟ್ರಿಯ ಹುಡುಗ ತಕ್ಷಣ ತಡೆದ: ‘ನನ್ನ ಯುಎಸ್‌ಎನ್‌ನಲ್ಲಿ 21 ಇದೆ ಸರ್, ಆದ್ರೆ ನಾನು 2018ರ ಸ್ಕೀಮ್.’ ಡಿಪ್ಲೊಮಾದವರು ನೇರವಾಗಿ ಎರಡನೇ ವರ್ಷಕ್ಕೆ ಸೇರುವುದರಿಂದ ಅವರ ಯುಎಸ್‌ಎನ್ ಒಂದು ವರ್ಷ ಮುಂದಿರುತ್ತದೆ. ಅವರ 400ರ ಸರಣಿಯ ಸಂಖ್ಯೆಗಳನ್ನು ಬೇರೆಯಾಗಿ ನೋಡದಿದ್ದರೆ ನಾವು ಒಂದು ತಪ್ಪನ್ನು ತಿದ್ದಿ ಇನ್ನೊಂದನ್ನು ಮಾಡಿರುತ್ತಿದ್ದೆವು. ಕೊನೆಗೆ ಯುಎಸ್‌ಎನ್ ಬೇಡವೆಂದು ಬಿಟ್ಟು, ಪ್ರಶ್ನೆಗೆ ಮುಂಚೆ ವಿದ್ಯಾರ್ಥಿಯೇ ತನ್ನ ಸ್ಕೀಮ್ ಆರಿಸುವಂತೆ ಮಾಡಿದರು. ಗೊತ್ತಿಲ್ಲ ಎಂಬ ಆಯ್ಕೆಯನ್ನೂ ಇಟ್ಟರು, ಅದನ್ನು ಒತ್ತಿದವರಿಗೆ ಮೂರೂ ಸ್ಕೀಮ್‌ಗಳ ಅಂಕಗಳು ಒಟ್ಟಿಗೆ ಕಾಣುತ್ತವೆ. ಪ್ರತಿ ಉತ್ತರದ ಕೆಳಗೂ ನಿಯಮಾವಳಿಯ ಮೂಲ ಪುಟ ತೆರೆಯುತ್ತದೆ, ಹೊಂದುವ ಚಂಕ್ ಸಿಗದಿದ್ದರೆ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ ಎಂದು ತಿಳಿಸುತ್ತದೆ.

ಪರೀಕ್ಷಾ ವಿಭಾಗಕ್ಕೆ ಕಳುಹಿಸುವ ಆ ಸಾಲನ್ನು ತೆಗೆದುಹಾಕಿ, ಎಐ ಎಂದ ಮೇಲೆ ಎಲ್ಲಕ್ಕೂ ಉತ್ತರಿಸಬೇಕಲ್ಲವೇ ಎಂದು ಆಡಳಿತ ಮಂಡಳಿಯವರು ಮೀಟಿಂಗ್‌ನಲ್ಲಿ ಕೇಳಿದರು. ನಾನು ಒಪ್ಪಲಿಲ್ಲ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಬೆಂಬಲಕ್ಕೆ ನಿಂತರು. ಆ ತಂಡ ಪಾಸಾಗಿ ಹೋಗಿದೆ. 2025ರ ಸ್ಕೀಮ್ ಬಂದಿದೆ, ಅದರ ನಿಯಮಾವಳಿಯನ್ನು ಸೇರಿಸುವ ಕೆಲಸ ಯಾರ ಹೆಸರಿನಲ್ಲೂ ಇಲ್ಲ. ಇದನ್ನು ಹೊಸ ಪ್ರಾಜೆಕ್ಟ್ ಎಂದು ಪರಿಗಣಿಸಲಾಗದು, ಹಳೆಯದರ ಮುಂದುವರಿಕೆಗೆ ಅಂಕವಿಲ್ಲ ಎನ್ನುತ್ತಾರೆ ಕೋಆರ್ಡಿನೇಟರ್. ಈ ವರ್ಷದ ಬ್ಯಾಚ್‌ಗೆ ಅಂಕ ಕೊಡಿಸುವಂತೆ ವಿಭಾಗಕ್ಕೆ ಲಿಖಿತವಾಗಿ ಕೇಳಿದ್ದೇನೆ, ಮತ್ತು ಟೆಸ್ಟಿಂಗ್‌ಗೆ ಮೊದಲ ವರ್ಷದವರನ್ನೇ ಸೇರಿಸಿಕೊಳ್ಳಬೇಕೆಂಬ ಷರತ್ತನ್ನೂ ಅದೇ ಪತ್ರದಲ್ಲಿ ಬರೆದಿದ್ದೇನೆ.