"ನೀವೂ ಹೊರಗಿನವರಾ ಅಣ್ಣ?"

ಚಿಕ್ಕಪ್ಪನ ಮಗ ಥಾಯ್ಲೆಂಡಿನ ಪಟ್ಟಾಯದಿಂದ ಬಂದಿದ್ದಾನೆ. ಈ ಸಲ ರಜೆಗೆ ಬಂದಿಲ್ಲ. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಅವನ ಅಡುಗೆ ಚಾಕುಗಳನ್ನು ಸುತ್ತಿಟ್ಟ ಕ್ಯಾನ್ವಾಸ್ ಸುರುಳಿ ಇತ್ತು. ಅದನ್ನು ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು. ರಜೆಗೆ ಬರುವ ಅಡುಗೆಯವನು ಚಾಕು ಹೊತ್ತುಕೊಂಡು ಬರುವುದಿಲ್ಲ.

ಊರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ವಾಪಸ್ ಯಾವಾಗ?" ಕೊಡಗಿನ ನಮ್ಮ ಸುಂಟಿಕೊಪ್ಪ ಪೇಟೆಗೆ ಹೋದರೆ ಅದೇ, ಮದುವೆ ಮನೆಯಲ್ಲಿ ಕೂತರೆ ಅದೇ. ಅವನು "ನೋಡೋಣ" ಅಂದು ಸುಮ್ಮನಾಗುತ್ತಾನೆ. ಚಿಕ್ಕಮ್ಮ ಮುಖ ಆ ಕಡೆ ತಿರುಗಿಸುತ್ತಾರೆ. ಚಿಕ್ಕಮ್ಮನ ಮೇಲೆ ನನಗೆ ಸಿಟ್ಟಿದೆ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಅವರ ತೋಟದ ಒಂದು ಮಗ್ಗುಲು ಪೂರ್ತಿ ಹೋಯಿತು. ಸಾಲ ತೀರಿದ್ದು, ಮನೆಗೆ ಹೊಸ ಗೋಡೆ ಬಂದಿದ್ದು, ತಂಗಿಯ ಮದುವೆಯಾಗಿದ್ದು ಎಲ್ಲ ಈ ಹುಡುಗ ಕಳಿಸಿದ ದುಡ್ಡಿನಲ್ಲಿ. ಈಗ ಅವನು ಜಗಲಿಯಲ್ಲಿ ಕೂತರೆ "ಒಳಗೆ ಹೋಗಿ ಕೂತ್ಕೋ, ಬಂದವರು ಕೇಳ್ತಾರೆ" ಅನ್ನುತ್ತಾರೆ. ತಾಯಿಯ ಸಂಕಟ ನನಗೂ ಅರ್ಥವಾಗುತ್ತದೆ. ಆದರೂ ಹಾಗೆ ಹೇಳಬಾರದಿತ್ತು.

ಏನಾಯಿತು ಅಂತ ಅವನೇ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ. ಅವನು ಕೆಲಸ ಮಾಡುತ್ತಿದ್ದದ್ದು ಒಂದು ಭಾರತೀಯ ಊಟದ ಹೋಟೆಲಿನಲ್ಲಿ. ಅಲ್ಲಿಗೆ 2016ರಲ್ಲಿ ಹೋದ. 2019ರಲ್ಲಿ ಥಾಯ್ಲೆಂಡಿಗೆ ಸುಮಾರು 4 ಕೋಟಿ ಪ್ರವಾಸಿಗರು ಬಂದಿದ್ದರು. ಆ ವರ್ಷ ರಾತ್ರಿ ಒಂದು ಗಂಟೆಯವರೆಗೂ ಒಲೆ ಆರುತ್ತಿರಲಿಲ್ಲವಂತೆ. ಕೋವಿಡ್ ಬಂತು, ಎಲ್ಲ ಮುಚ್ಚಿತು. ಆಮೇಲೆ ಚೇತರಿಸಿಕೊಂಡು 2024ರಲ್ಲಿ ಮೂರೂವರೆ ಕೋಟಿಗೆ ಬಂತು. ಇನ್ನೇನು ಮೊದಲಿನಂತೆ ಆಯಿತು ಅನ್ನುವಾಗ 2025ರಲ್ಲಿ ಮತ್ತೆ ಇಳಿಯಿತು, 3.3 ಕೋಟಿಯ ಹತ್ತಿರ. 2025ರ ಜನವರಿಯಲ್ಲಿ ಚೀನಾದ ಒಬ್ಬ ನಟನನ್ನು ಥಾಯ್ಲೆಂಡಿಗೆ ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚಕರ ಅಡ್ಡೆಗೆ ಸಾಗಿಸಿದ್ದರು. ಅದರ ನಂತರ ಚೀನಾದವರು ಬರಲು ಹೆದರಿದರು. ಮಾರ್ಚ್‌ನಲ್ಲಿ ಭೂಕಂಪ. ಜುಲೈನಲ್ಲಿ ಕಾಂಬೋಡಿಯಾ ಗಡಿಯಲ್ಲಿ ಗುಂಡಿನ ಕಾಳಗ. ಒಂದರ ಹಿಂದೆ ಒಂದು.

"ಹಾಗಾದ್ರೆ ನಮ್ಮವರು ಜಾಸ್ತಿ ಹೋಗ್ತಿದ್ದಾರಲ್ಲ?" ಅಂದೆ. ಹೌದು, ಭಾರತದವರು ಜಾಸ್ತಿಯಾದರು, 2025ರಲ್ಲಿ 25 ಲಕ್ಷದ ಹತ್ತಿರ. ಆದರೆ ಅವರನ್ನು ನಂಬಿಕೊಂಡು ಬೀದಿಗೆ ನಾಲ್ಕು ಭಾರತೀಯ ಹೋಟೆಲುಗಳೂ ತೆರೆದವು. ಇವನ ಮಾಲೀಕ ತೂಗಿಸಲಾರದೆ ಬಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಕಡಿಮೆ ಮಾಡಿದ. ಅವರೆಲ್ಲ ಥಾಯ್ ಹೆಣ್ಣುಮಕ್ಕಳು.

ಅಲ್ಲಿ ಇವನ ಕೊರಳಿಗೆ ಹಗ್ಗ ಬಿತ್ತು. ಅಲ್ಲಿನ ನಿಯಮದ ಪ್ರಕಾರ ಒಬ್ಬ ವಿದೇಶಿ ಕೆಲಸಗಾರನಿಗೆ ವೀಸಾ ಮುಂದುವರಿಸಬೇಕಾದರೆ ಕಂಪನಿಯ ಸಂಬಳದ ಪಟ್ಟಿಯಲ್ಲಿ ನಾಲ್ಕು ಜನ ಥಾಯ್ ಪ್ರಜೆಗಳು ಇರಬೇಕು. ಇಬ್ಬರು ಭಾರತೀಯ ಅಡುಗೆಯವರಿಗೆ ಎಂಟು ಜನ. ಐದು ಜನ ಉಳಿದರೆ ಒಬ್ಬ ಅಡುಗೆಯವನು ಹೋಗಲೇಬೇಕು. ತಂದೂರಿ ಮಾಡುವವನನ್ನು ಮಾಲೀಕ ಉಳಿಸಿಕೊಂಡ. ನಾನ್ ಇಲ್ಲದೆ ಭಾರತೀಯ ಹೋಟೆಲ್ ನಡೆಯುವುದಿಲ್ಲ. ಮಾಲೀಕನನ್ನು ನಮ್ಮ ಹುಡುಗ ಬೈಯಲಿಲ್ಲ. ನಾನೂ ಬೈಯಲಾರೆ.

ಆಮೇಲೆ ಅವನು ಹೇಳಿದ ಮಾತು ಕೇಳಿ ನನಗೆ ಕೈ ಆಡಲಿಲ್ಲ. "ಅಕ್ಕ, ಅಲ್ಲಿ ಕೆಲಸ ಮುಗಿದ ದಿನಾನೇ ವೀಸಾನೂ ಮುಗಿಯುತ್ತೆ. ಇನ್ನೊಂದು ಕಡೆ ಕೆಲಸ ಹುಡುಕ್ತೀನಿ ಅಂದ್ರೂ ಅಲ್ಲೇ ಇದ್ದು ಹುಡುಕೋ ಹಾಗಿಲ್ಲ. 1,900 ಬಹ್ತ್ ಕಟ್ಟಿ ಏಳು ದಿನ ತಗೊಂಡೆ." ಒಂಬತ್ತು ವರ್ಷದ ಮನೆ ಖಾಲಿ ಮಾಡಲು ಏಳು ದಿನ. ಗ್ಯಾಸ್ ಒಲೆ, ಫ್ರಿಜ್ಜು, ಸ್ಕೂಟರು ಸಿಕ್ಕ ಬೆಲೆಗೆ ಕೊಟ್ಟ. ಕೆಳಗಿನ ಮನೆಯ ಅಜ್ಜಿಗೆ ಗಿಡಗಳನ್ನು ಕೊಟ್ಟು ಬಂದ. ಕರಿಬೇವಿನ ಗಿಡ ಆಳೆತ್ತರ ಬೆಳೆದಿತ್ತಂತೆ.

ಇದೆಲ್ಲ ಆದದ್ದು ಎರಡು ವಾರದ ಹಿಂದೆ. ಈ ವಾರ ಆದದ್ದು ಬೇರೆ.

ಈಗ ರೋಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿದೆ. ನಮ್ಮಲ್ಲಿ ಈಚಿನ ವರ್ಷಗಳಲ್ಲಿ ಅಸ್ಸಾಮಿನವರು ಬರದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರಬೇಕು. ಕೊಡಗಿನಲ್ಲಿ ತೋಟ ಇರುವ ಎಲ್ಲರಿಗೂ ಇದು ಗೊತ್ತು, ಬಾಯಿ ಬಿಟ್ಟು ಹೇಳುವವರು ಕಡಿಮೆ. ತೋಟದ ಕೆಲಸಗಾರರಿಗೆ ಅಂತ ಇರುವ ನಮ್ಮ ಲೈನ್ ಮನೆಯಲ್ಲಿ ಗಂಡ ಹೆಂಡತಿ ಒಂದು ಜೋಡಿ ಇದ್ದಾರೆ, ಜೊತೆಗೆ ಆ ಹುಡುಗನ ತಮ್ಮ. ಮೂರನೇ ಕೊಯ್ಲಿಗೆ ಬಂದವರು. ಕೆಲಸಗಾರರ ದಾಖಲೆ ತಂದು ತೋರಿಸಿ ಅಂತ ತೋಟದವರಿಗೆಲ್ಲ ಠಾಣೆಯಿಂದ ಹೇಳಿಕಳಿಸಿದ್ದರು. ಜೆರಾಕ್ಸ್ ಮಾಡಿಸೋಣ ಅಂತ ಮಂಗಳವಾರ ಸಂಜೆ ಕಣದ ಹತ್ತಿರ ಆ ಹುಡುಗನನ್ನು ಕರೆದೆ.

ಅವನು ಒಂದು ಪ್ಲಾಸ್ಟಿಕ್ ಕವರ್ ತಂದ. ಕವರಿನೊಳಗೆ ಇನ್ನೊಂದು ಕವರ್. ಕೈ ತೊಳೆದು, ಅಂಗಿಗೆ ಒರೆಸಿಕೊಂಡು, ಒಂದೊಂದೇ ಹೊರಗೆ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಆಧಾರ್. ವೋಟರ್ ಕಾರ್ಡ್. ಪಂಚಾಯಿತಿಯ ಒಂದು ಪತ್ರ. ಕೊನೆಗೆ ಲ್ಯಾಮಿನೇಷನ್ ಮಾಡಿಸಿದ, ಅಕ್ಷರ ಅರ್ಧ ಅಳಿಸಿದ ಒಂದು ಹಾಳೆ. ಅದು ಅವನ ಅಜ್ಜನ ಹೆಸರಿರುವ ಹಳೆಯ ಮತದಾರರ ಪಟ್ಟಿಯ ನಕಲು. ಬಾಂಗ್ಲಾದೇಶದಿಂದ ಆಮೇಲೆ ಬಂದವರಲ್ಲ ಅನ್ನಲು, ಅಸ್ಸಾಮಿನಲ್ಲಿ 1971ರ ಮಾರ್ಚ್ 25ಕ್ಕೆ ಮೊದಲು ತನ್ನ ಹಿರಿಯರು ಅಲ್ಲೇ ಇದ್ದರು ಅಂತ ತೋರಿಸಬೇಕು. 2019ರಲ್ಲಿ ಅಲ್ಲಿನ ಪೌರತ್ವ ಪಟ್ಟಿ ಬಂದಾಗ 19 ಲಕ್ಷ ಜನರ ಹೆಸರು ಬಿಟ್ಟುಹೋಗಿತ್ತು. ಕಾಫಿ ಕೊಯ್ಯಲು ಕೊಡಗಿಗೆ ಬರುವಾಗಲೂ ಇವನು ಅಜ್ಜನ ಹೆಸರನ್ನು ಜೊತೆಗೆ ತರುತ್ತಾನೆ.

ಪಟ್ಟಾಯದಿಂದ ಬಂದ ನಮ್ಮ ತಮ್ಮ ಕಾಫಿ ಚೆರ್ರಿ ಗುಡ್ಡೆ ಮಾಡುತ್ತಿದ್ದವನು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಕಾಗದಗಳನ್ನು ಮುಟ್ಟಲಿಲ್ಲ, ಸುಮ್ನೆ ನೋಡಿದ. "ಫೋಟೋ ಇಟ್ಕೊಂಡಿದ್ದೀಯಾ?" ಅಂತ ಕೇಳಿದ. ಹುಡುಗ ಆಧಾರ್ ಕವರಿನ ಹಿಂದಿನಿಂದ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ತೆಗೆದ. ನಮ್ಮವನು ತನ್ನ ಪರ್ಸಿನಿಂದ ತನ್ನದನ್ನು ತೆಗೆದ. ಇನ್ನೂ ಇಟ್ಟುಕೊಂಡಿದ್ದಾನೆ, ನೋಡಿ. ಎರಡನ್ನೂ ಕಟ್ಟೆಯ ಮೇಲೆ ಪಕ್ಕ ಪಕ್ಕ ಇಟ್ಟರು.

ಹುಡುಗನಿಗೆ ಅಷ್ಟಿಷ್ಟು ಕನ್ನಡ ಬರುತ್ತದೆ. ಕೇಳಿದ, "ಅಣ್ಣ, ಅಲ್ಲಿ ನಿಮ್ಮನ್ನೂ ಕೇಳ್ತಿದ್ರಾ?"

"ಮೂರು ತಿಂಗಳಿಗೊಂದ್ಸಲ."

"ನೀವೂ ಹೊರಗಿನವರಾ ಅಣ್ಣ?"

"ಹ್ಞೂಂ. ಅಲ್ಲಿ ನಾನೂ."

ಅಷ್ಟೇ. ಹುಡುಗ ಕಾಗದಗಳನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿದ. ಇವನು ಎದ್ದು ಹೋಗಿ ಚೆರ್ರಿಗೆ ಟಾರ್ಪಾಲು ಹೊದೆಸಿದ.

ಅವತ್ತಿನಿಂದ ಅದೇ ಮಾತು ಕಿವಿಯಲ್ಲಿದೆ. ಕಾಫಿ ಸೋಸುವಾಗ ಅದೇ, ನಮ್ಮ ಹೋಂಸ್ಟೇ ರೂಮಿನ ಹಾಸಿಗೆ ಬದಲಿಸುವಾಗ ಅದೇ. ಕೇಳಿದವನ ದನಿಯಲ್ಲಿ ಕುತೂಹಲ ಇತ್ತು, ಜೊತೆಗೆ ಒಂಥರಾ ಸಮಾಧಾನವೂ ಇತ್ತು ಅನಿಸುತ್ತದೆ. ಇಷ್ಟು ದೊಡ್ಡ ಮನೆಯ ಮಗನೂ ಎಲ್ಲೋ ಒಂದು ಕಡೆ ಸಾಲಿನಲ್ಲಿ ನಿಂತಿದ್ದ ಅನ್ನುವ ಸಮಾಧಾನ. ಉತ್ತರ ಕೊಟ್ಟವನ ದನಿಯಲ್ಲಿ ನಾಚಿಕೆ ಇರಲಿಲ್ಲ. ಬಂದಾಗಿನಿಂದ ಅವನು ತಡವರಿಸದೆ ಕೊಟ್ಟ ಮೊದಲ ಉತ್ತರ ಅದು.

ಇಬ್ಬರದ್ದೂ ಒಂದೇ ಅಂತ ನಾನು ಹೇಳುವುದಿಲ್ಲ. ನಮ್ಮ ತಮ್ಮ ಬೇರೆ ದೇಶಕ್ಕೆ ಹೋದವನು. ಆ ದೇಶಕ್ಕೆ ತನ್ನ ಜನರ ಕೆಲಸ ಕಾಯುವ ಹಕ್ಕಿದೆ. ನಾಲ್ಕು ಜನರಿಗೆ ಕೆಲಸ ಕೊಟ್ಟು ಒಬ್ಬ ಹೊರಗಿನವನನ್ನು ಇಟ್ಟುಕೋ ಅನ್ನುವುದರಲ್ಲಿ ಅನ್ಯಾಯ ಏನಿದೆ? ಆದರೆ ಅಸ್ಸಾಮಿನ ಹುಡುಗ ತನ್ನದೇ ದೇಶದಲ್ಲಿದ್ದಾನೆ. ಭಾರತದಲ್ಲಿ ಎಲ್ಲಿ ಬೇಕಾದರೂ ಹೋಗಿ ದುಡಿಯುವ ಹಕ್ಕು ಸಂವಿಧಾನವೇ ಅವನಿಗೆ ಕೊಟ್ಟಿದೆ. ಮಡಿಕೇರಿಯವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುವಾಗ ಅಜ್ಜನ ಮತದಾರರ ಪಟ್ಟಿ ಒಯ್ಯುತ್ತಾರಾ?

ದೊಡ್ಡಪ್ಪ ಈ ಮಾತಿಗೆ ಒಪ್ಪುವುದಿಲ್ಲ. ಸುಬೇದಾರ್ ಆಗಿ ನಿವೃತ್ತರಾದವರು. "ಗಡಿಯಲ್ಲಿ ನಿಂತು ನೋಡಿದ್ದೀನಿ ನಾನು. ಯಾರು ಎಲ್ಲಿಂದ ಬಂದರು ಅಂತ ಗೊತ್ತಿರಲೇಬೇಕು" ಅಂದರು. ಅವರ ಮಾತಿಗೆ ಬೆಲೆ ಇದೆ. ಪರಿಶೀಲನೆ ಬೇಡ ಅಂತ ನಾನೂ ಅನ್ನಲಿಲ್ಲ. ಕೇಳುವ ರೀತಿ ಒಂದಿದೆ ಅಲ್ವಾ? ಹೋದ ವರ್ಷ ಪಕ್ಕದ ತೋಟದ ಕೆಲಸಗಾರರನ್ನು ಕೊಯ್ಲಿನ ದಿನವೇ ಲಾರಿಯಲ್ಲಿ ತುಂಬಿಸಿ ಕರೆದುಕೊಂಡು ಹೋಗಿ ಸಂಜೆವರೆಗೆ ಬಿಸಿಲಲ್ಲಿ ಕೂರಿಸಿದ್ದರು. ಎಲ್ಲರ ಕಾಗದವೂ ಸರಿ ಇತ್ತು. ಹೋದ ಒಂದು ದಿನದ ಕೂಲಿ ಯಾರೂ ಕೊಡಲಿಲ್ಲ. ನಮ್ಮ ಹುಡುಗನಿಗೆ ಪಟ್ಟಾಯದ ಕಚೇರಿಯಲ್ಲಿ ಕುರ್ಚಿಯಾದರೂ ಸಿಗುತ್ತಿತ್ತು.

ನನ್ನ ಕೈಯಲ್ಲೂ ಇಂಥ ಒಂದು ಕೆಲಸ ಇದೆ. ಹೋಂಸ್ಟೇಗೆ ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ತುಂಬಬೇಕು. ಫಾರ್ಮ್ ಸಿ ಅಂತಲೇ ನಮಗೆಲ್ಲ ರೂಢಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆಗಳ ಬದಲು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಈ ಕೆಲಸ ಮಾತ್ರ ಹಾಗೇ ಇದೆ. ಥಾಯ್ಲೆಂಡಿನಲ್ಲೂ ಹಾಗೆಯೇ. ವಿದೇಶಿ ಬಂದು ಉಳಿದರೆ ಮನೆ ಮಾಲೀಕ 24 ಗಂಟೆಯಲ್ಲಿ ತಿಳಿಸಬೇಕು, ಅದಕ್ಕೆ ಟಿಎಂ 30 ಅಂತ ಹೆಸರು. ಕೆಳಗಿನ ಮನೆಯ ಅಜ್ಜಿಯೇ ಇವನದ್ದನ್ನು ತುಂಬುತ್ತಿದ್ದರಂತೆ. ತುಂಬಿ ಮುಗಿದ ಮೇಲೆ ಒಂದು ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರಂತೆ. ಅದನ್ನು ಕೇಳಿ ನನಗೆ ಆ ಅಜ್ಜಿಯನ್ನು ನೋಡಬೇಕು ಅನಿಸಿತು.

ಅವನ ಹೋಟೆಲಿಗೆ ಒಬ್ಬ ಇಂಗ್ಲೆಂಡಿನ ಮುದುಕ ದಿನಾ ಮಧ್ಯಾಹ್ನ ಬರುತ್ತಿದ್ದನಂತೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಗೆ ಬಂದು ನೆಲೆಸಿದವನು. ಇವನು ಊರಿಂದ ಒಯ್ದ ಕಾಚಂಪುಳಿ, ನಮ್ಮ ಕಡೆಯ ಕಪ್ಪು ಹುಳಿ, ಹಾಕಿ ಒಂದು ದಿನ ಹಂದಿ ಮಾಂಸ ಮಾಡಿಕೊಟ್ಟಿದ್ದಾನೆ. ಅವತ್ತಿನಿಂದ ಮುದುಕನಿಗೆ ಭಾನುವಾರ ಅದೇ ಬೇಕು. ನಿವೃತ್ತರ ವೀಸಾ ಮುಂದುವರಿಯಬೇಕಾದರೆ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇರಬೇಕು, ಇಲ್ಲದಿದ್ದರೆ ತಿಂಗಳಿಗೆ 65,000 ಬಹ್ತ್ ಆದಾಯ ತೋರಿಸಬೇಕು. ಇಂಗ್ಲೆಂಡಿನವರು ಥಾಯ್ಲೆಂಡಿನಲ್ಲಿ ನೆಲೆಸಿದರೆ ಅವರ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದಿಲ್ಲ, ಮೊದಲಿದ್ದಷ್ಟೇ ಇರುತ್ತದೆ. ಬಹ್ತ್ ಬೆಲೆ ಏರಿತು. ಹೊರಗಿನಿಂದ ತರುವ ಹಣಕ್ಕೆ 2024ರಿಂದ ತೆರಿಗೆ ನಿಯಮವೂ ಬಿಗಿಯಾಯಿತು. ಆಸ್ಪತ್ರೆ ಖರ್ಚಿಗೆ ಬ್ಯಾಂಕಿನ ದುಡ್ಡು ಮುಟ್ಟಿದ, ಲೆಕ್ಕ ತಪ್ಪಿತು. ಟೂರಿಸ್ಟ್ ಆಗಿ ಹೋಗಿ ಬಂದು ಇರೋಣ ಅಂದರೆ 2025ರ ನವೆಂಬರಿನಿಂದ ಗಡಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುವವರನ್ನೂ ತಡೆಯುತ್ತಿದ್ದಾರೆ. ಎಪ್ಪತ್ತೆಂಟು ವಯಸ್ಸಿನಲ್ಲಿ ಇಂಗ್ಲೆಂಡಿಗೆ ವಾಪಸ್ಸಾದ. ಅಲ್ಲಿ ಅವನಿಗೆ ಯಾರೂ ಇಲ್ಲ. ಇವನಿಗೆ ಈಗಲೂ ಭಾನುವಾರ ಫೋನ್ ಮಾಡುತ್ತಾನೆ.

ಪ್ರವಾಸಿಗರನ್ನು ನಂಬಿದ ಊರುಗಳಲ್ಲಿ ನಾನು ಕಂಡದ್ದು ಇದು. ಎರಡು ದಿನ ಇದ್ದು ಹೋಗುವವರಿಗೆ ಬಾಗಿಲು ಪೂರ್ತಿ ತೆರೆದಿರುತ್ತದೆ. ಭಾರತದವರಿಗೆ ಥಾಯ್ಲೆಂಡ್ 2023ರ ನವೆಂಬರಿನಲ್ಲೇ ವೀಸಾ ಬೇಡ ಅಂದಿತು. ನಮ್ಮಲ್ಲೂ ಅಷ್ಟೇ. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗಿ ಪ್ಲಾಸ್ಟಿಕ್ ಎಸೆದು ಬರುವವರನ್ನು ಸರ್ ಸರ್ ಅಂತ ಕರೆಯುತ್ತೇವೆ. ಅದೇ ಇದ್ದು ದುಡಿಯುವವನನ್ನು ದಿನಾ ಎಣಿಸುತ್ತೇವೆ. 2018ರಲ್ಲಿ ಗುಡ್ಡ ಕುಸಿದಾಗ ಒಂದೇ ದಿನದಲ್ಲಿ ಕೊಡಗಿನ ರೂಮುಗಳೆಲ್ಲ ಖಾಲಿಯಾದವು. ಎಷ್ಟೋ ತಿಂಗಳು ಫೋನ್ ಬರಲಿಲ್ಲ. ಬಂದ ಫೋನೂ "ರೋಡ್ ಸರಿ ಇದೆಯಾ" ಅಂತ ಕೇಳಿ ಇಟ್ಟುಬಿಡುತ್ತಿತ್ತು. ಆಗ ತೋಟದ ಕೆಸರು ಬಗೆಯಲು ನಮ್ಮ ಜೊತೆ ನಿಂತವರು ಲೈನ್ ಮನೆಯವರು.

ನಾಳೆ ಠಾಣೆಗೆ ಆ ಹುಡುಗನ ಜೊತೆ ನಾನೇ ಹೋಗುತ್ತೇನೆ. ಬೇಗ ಮುಗಿಸಿ ಬರಬೇಕು, ಶನಿವಾರ ಮೂರು ರೂಮೂ ಬುಕ್ ಆಗಿವೆ. ಅಡುಗೆ ನಮ್ಮ ತಮ್ಮನಿಗೆ ಬಿಟ್ಟಿದ್ದೇನೆ. ಥಾಯ್ ರೀತಿಯ ಒಂದು ಮೀನಿನ ಸಾರು, ನಮ್ಮ ಅಕ್ಕಿ ಕಡುಬು ಕಡಂಬುಟ್ಟು ಎರಡೂ ಮಾಡುತ್ತೇನೆ ಅಂದಿದ್ದಾನೆ. ಅವನಿಗೆ ಸಂಬಳ ಎಷ್ಟು ಅಂತ ಮಾತಾಡಲು ಹೋದರೆ ಚಿಕ್ಕಮ್ಮ "ಮನೆಯವನಿಗೆ ಎಂಥ ಸಂಬಳ" ಅಂತ ನನ್ನನ್ನೇ ಬೈದರು. ನಾನು ಒಪ್ಪಲಿಲ್ಲ. ತಿಂಗಳ ಒಂದನೇ ತಾರೀಖು ಅವನ ಖಾತೆಗೆ ಹಾಕುತ್ತೇನೆ. ಇನ್ನು ಯಾರಾದರೂ "ವಾಪಸ್ ಯಾವಾಗ" ಅಂತ ಕೇಳಿದರೆ, ಅವನು ಕೆಲಸದಲ್ಲಿದ್ದಾನೆ ಅಂತ ನಾನೇ ಹೇಳುತ್ತೇನೆ.